ವೈದ್ಯೆಗೊಂದು ಪತ್ರ: ಹರೆಯದವರ ಯಕೃತ್ತಿಗೆ ಅನಿರೀಕ್ಷಿತ ಪೆಟ್ಟು

ಹರೆಯದವರ ಯಕೃತ್ತು ದಿಢೀರನೆ ಕೆಡುವುದರ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಾಣಿಸಿತು: "ಕುಡಿತದ ಚಟವಿಲ್ಲ, ಹೆಪಟೈಟಿಸ್ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ, ಹಾಗಾದರೆ ಏಕೆ ಹೀಗಾಯಿತು?" ಆ 'ಏಕೆ'ಯನ್ನು ಅರ್ಧಕ್ಕೆ ಬಿಡಬಾರದೆಂಬುದು ನನ್ನ ಹಠ. ಕೆಲವು ಕಾರಣಗಳಿಗೆ ನೇರವಾದ ಮದ್ದಿದೆ, ಅದನ್ನು ತಡಮಾಡದೆ ಕೊಡಬೇಕು. ಇನ್ನು ಕೆಲವು ಒಬ್ಬರಲ್ಲಿ ಪತ್ತೆಯಾದರೆ ಮನೆಯ ಇನ್ನೊಂದು ಜೀವ ಉಳಿಯುತ್ತದೆ. ಪತ್ರ ಬರೆದವರ ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ. ಹೊಸ ಕೆಲಸಕ್ಕೆ ಸೇರುವ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ 640, ಎಸ್‌ಜಿಪಿಟಿ 190 ಬಂದಿದೆ. ಬಿಲಿರುಬಿನ್ ಸರಿಯಾಗಿದೆ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಲಿವರ್‌ಗೆ ತೀವ್ರ ಹಾನಿಯಾಗಿದೆ ಎಂದು ಹೇಳಿ ಟಾನಿಕ್ ಕೊಟ್ಟಿದ್ದಾರೆ. ಅಂದಿನಿಂದ ನಿದ್ರೆ ಹತ್ತುತ್ತಿಲ್ಲ. ಪರೀಕ್ಷೆಗೆ ಮೂರು ದಿನ ಮೊದಲು ಜಿಮ್‌ಗೆ ಸೇರಿದ್ದೆ. ತೊಡೆ ನೋವಿನಿಂದ ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ಇದಕ್ಕೂ ಅದಕ್ಕೂ ಸಂಬಂಧ ಇರಲಾರದು, ಆದರೂ ತಿಳಿಸುತ್ತಿದ್ದೇನೆ.

ಉತ್ತರ: ಸಂಬಂಧ ಇರಲಾರದೆಂದು ಕೊನೆಯಲ್ಲಿ ಸೇರಿಸಿದ ಆ ಎರಡು ಸಾಲುಗಳಲ್ಲೇ ಬಹುಶಃ ನಿಮ್ಮ ಉತ್ತರವಿದೆ. ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಯಕೃತ್ತಿನ ಜೀವಕೋಶಗಳಲ್ಲಿ ಮಾತ್ರ ಇರುವ ಕಿಣ್ವಗಳಲ್ಲ. ಮಾಂಸಖಂಡಗಳಲ್ಲೂ ಇವೆ, ಅದರಲ್ಲೂ ಎಸ್‌ಜಿಒಟಿ ಹೇರಳವಾಗಿದೆ. ಅಭ್ಯಾಸವಿಲ್ಲದ ದೇಹ ಒಮ್ಮೆಲೇ ಭಾರ ಎತ್ತಿದಾಗ ಮಾಂಸದ ಎಳೆಗಳು ಹರಿದು ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಹೊಗೆ ಬಂದದ್ದು ಪಕ್ಕದ ಮನೆಯಿಂದ, ದೂರು ಹೋದದ್ದು ಯಕೃತ್ತಿನ ಮೇಲೆ. ನಿಮ್ಮ ಎಸ್‌ಜಿಒಟಿ ಎಸ್‌ಜಿಪಿಟಿಯ ಮೂರು ಪಟ್ಟಿಗಿಂತ ಹೆಚ್ಚಿರುವುದು, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಅಲುಗಾಡದೆ ಇರುವುದು, ತೊಡೆ ನೋವು ಇವೆಲ್ಲ ಮಾಂಸಖಂಡದತ್ತಲೇ ಬೆರಳು ಮಾಡುತ್ತಿವೆ.

ಊಹೆಯನ್ನು ನಂಬಿ ಕೂರಬೇಡಿ. ಸಿಪಿಕೆ ಮತ್ತು ಜಿಜಿಟಿ ಎಂಬ ಎರಡು ಪರೀಕ್ಷೆ ಮಾಡಿಸಿ. ಸಿಪಿಕೆ ಮಾಂಸಖಂಡದ ಕಿಣ್ವ. ಜಿಜಿಟಿ ಮಾಂಸಖಂಡದಿಂದ ಬರುವುದಿಲ್ಲ. ಮೊದಲನೆಯದು ಸಾವಿರಗಳಲ್ಲಿದ್ದು ಎರಡನೆಯದು ಸಹಜವಾಗಿದ್ದರೆ ವಿಷಯ ಬಹುಮಟ್ಟಿಗೆ ಇತ್ಯರ್ಥವಾದಂತೆ. ಭಾರ ಎತ್ತುವುದನ್ನು ನಿಲ್ಲಿಸಿ ಎರಡು ವಾರದ ನಂತರ ಮತ್ತೊಮ್ಮೆ ನೋಡಿ. ಎಸ್‌ಜಿಒಟಿ ರಕ್ತದಿಂದ ಬೇಗ ಕರಗುತ್ತದೆ, ಎಸ್‌ಜಿಪಿಟಿ ನಿಧಾನ. ಹಾಗಾಗಿ ನಡುವೆ ಒಂದು ದಿನ ಎರಡನೆಯದೇ ಮೇಲಾಗಿ ಕಂಡರೆ ಗಾಬರಿಯಾಗಬೇಡಿ.

ಒಂದು ಎಚ್ಚರಿಕೆ ಮಾತ್ರ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ಮೂತ್ರದ ಪ್ರಮಾಣ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹರಿದ ಮಾಂಸಖಂಡದ ಬಣ್ಣದ ವಸ್ತು ಮೂತ್ರಪಿಂಡವನ್ನು ಕೆಡಿಸಬಲ್ಲದು. ಟಾನಿಕ್ ಬೇಡ. ನಿಮ್ಮ ಯಕೃತ್ತು ಅದನ್ನು ಕೇಳಿಲ್ಲ.

ಪ್ರಶ್ನೆ: ನನ್ನ ತಂಗಿಗೆ 23 ವರ್ಷ. ತೂಕ ಇಳಿಸಲು ಎರಡು ತಿಂಗಳಿಂದ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ನುಂಗುತ್ತಿದ್ದಳು. ಈಗ ಕಣ್ಣು ಹಳದಿಯಾಗಿದೆ. ಎಸ್‌ಜಿಪಿಟಿ 1,400, ಬಿಲಿರುಬಿನ್ 9. ಕ್ಯಾಪ್ಸೂಲಿನಿಂದಲೇ ಆಗಿರಬಹುದು ಎನ್ನುತ್ತಾರೆ. ಲಕ್ಷಾಂತರ ಜನ ದಿನವೂ ಗ್ರೀನ್ ಟೀ ಕುಡಿಯುತ್ತಾರಲ್ಲ ಮೇಡಂ, ಇವಳಿಗೆ ಮಾತ್ರ ಏಕೆ? ಗುಣವಾದ ಮೇಲೆ ಅರ್ಧ ಪ್ರಮಾಣದಲ್ಲಿ ಮತ್ತೆ ಶುರು ಮಾಡಬಹುದೇ ಎಂದು ಕೇಳುತ್ತಿದ್ದಾಳೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಅರ್ಧವೂ ಬೇಡ, ಕಾಲು ಭಾಗವೂ ಬೇಡ, ಬೇರೆ ಕಂಪನಿಯದೂ ಬೇಡ. ಒಮ್ಮೆ ಯಕೃತ್ತಿಗೆ ಪೆಟ್ಟು ಕೊಟ್ಟ ವಸ್ತುವನ್ನು ಮತ್ತೆ ಸೇವಿಸಿದರೆ ಎರಡನೆಯ ಪೆಟ್ಟು ಮೊದಲಿಗಿಂತ ಬೇಗ, ಮೊದಲಿಗಿಂತ ಜೋರಾಗಿ ಬೀಳುವ ಸಾಧ್ಯತೆ ಇದೆ.

ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬೇರೆ, ಸಾರವನ್ನು ಗಟ್ಟಿಗೊಳಿಸಿ ತುಂಬಿದ ಕ್ಯಾಪ್ಸೂಲ್ ಬೇರೆ. ಎಲೆಯಲ್ಲಿರುವ ಇಜಿಸಿಜಿ ಎಂಬ ರಾಸಾಯನಿಕ ಕ್ಯಾಪ್ಸೂಲಿನಲ್ಲಿ ಬಹಳ ಸಾಂದ್ರವಾಗಿರುತ್ತದೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಇನ್ನೂ ಹೆಚ್ಚು ಸೇರುತ್ತದೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ಸೇವಿಸಿದವರಲ್ಲಿ ಯಕೃತ್ತಿನ ಕಿಣ್ವಗಳು ಏರುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಕೆಲವರಿಗೆ ಅದಕ್ಕಿಂತ ಕಡಿಮೆಯೂ ಸಾಕು. ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ರೂಪ ಇರುವವರಲ್ಲಿ ಈ ಹಾನಿ ಹೆಚ್ಚಾಗಿ ಕಂಡುಬಂದಿದೆ. ಅರಿಶಿನದ ಸಾರಕ್ಕೆ ಕರಿಮೆಣಸಿನ ಅಂಶ ಬೆರೆಸಿದ ಮಾತ್ರೆಗಳಿಂದ ಕಾಮಾಲೆ ಬಂದವರಲ್ಲೂ ಅದೇ ರೂಪ ಎದ್ದು ಕಂಡಿದೆ. ಅಂದರೆ ನಿಮ್ಮ ತಂಗಿ ಹುಟ್ಟಿನಿಂದಲೇ ಹಾಗೆ ಪ್ರತಿಕ್ರಿಯಿಸುವ ದೇಹವನ್ನು ಪಡೆದಿರಬಹುದು. ಅದರಲ್ಲಿ ಅವಳ ತಪ್ಪೇನೂ ಇಲ್ಲ, ಅವಳನ್ನು ಗದರಬೇಡಿ.

ಗಿಡದಿಂದ ಬಂದದ್ದು ಹಾನಿ ಮಾಡದು ಎಂಬ ನಂಬಿಕೆಯಿಂದ ಯುವಜನ ಕೆಡುತ್ತಿರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಅಶ್ವಗಂಧದ ಮಾತ್ರೆಯಿಂದ ತುರಿಕೆ ಸಹಿತ ಕಾಮಾಲೆ ಬಂದ ವರದಿಗಳು ಐಸ್‌ಲ್ಯಾಂಡ್, ಅಮೆರಿಕದಿಂದ ಬಂದಿವೆ. 2013ರಲ್ಲಿ ಹವಾಯಿಯಲ್ಲಿ ತೂಕ ಇಳಿಸುವ, ಮೈಕಟ್ಟು ಕೊಡುವ ಒಂದು ಪೂರಕವನ್ನು ಸೇವಿಸಿದ ಆರೋಗ್ಯವಂತರು ಒಬ್ಬರ ಹಿಂದೊಬ್ಬರಂತೆ ತೀವ್ರ ಯಕೃತ್ ಹಾನಿಯಿಂದ ಆಸ್ಪತ್ರೆ ಸೇರಿದರು. ಕೆಲವರಿಗೆ ಕಸಿ ಬೇಕಾಯಿತು, ಸಾವೂ ಸಂಭವಿಸಿತು. ನಾನು ರೋಗಿಗಳನ್ನು "ಏನು ಔಷಧ ತೆಗೆದುಕೊಂಡಿರಿ" ಎಂದು ಕೇಳಿ ಸುಮ್ಮನಾಗುವುದಿಲ್ಲ. ಪುಡಿ, ಕಷಾಯ, ಪ್ರೋಟೀನ್ ಡಬ್ಬಿ, ಮೊಡವೆಯ ಮಾತ್ರೆ, ಕೂದಲಿನ ಮಾತ್ರೆ, ಸ್ನೇಹಿತರು ಕೊಟ್ಟದ್ದು, ಮೊಬೈಲ್‌ನಲ್ಲಿ ನೋಡಿ ತರಿಸಿದ್ದು ಎಂದು ಒಂದೊಂದನ್ನೂ ಹೆಸರಿಸಿ ಕೇಳುತ್ತೇನೆ. ಹಾಗೆ ಕೇಳಿದಾಗ ಒಬ್ಬ ಹುಡುಗನ ತಾಯಿ ಕೈಚೀಲದಿಂದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಇದು ಔಷಧವಲ್ಲ ಡಾಕ್ಟರಮ್ಮ, ಶಕ್ತಿಗೆ ಅಂತ ಕೊಡುತ್ತಿದ್ದೆ" ಎಂದರು. ಉತ್ತರ ಆ ಡಬ್ಬಿಯಲ್ಲೇ ಇತ್ತು. ನೀವೂ ತಂಗಿಯ ಕಪಾಟಿನಲ್ಲಿರುವ ಎಲ್ಲ ಡಬ್ಬಿಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ತುಂಬಿಕೊಂಡು ವೈದ್ಯರ ಮುಂದೆ ಸುರಿಯಿರಿ. ಆದರೆ ಕ್ಯಾಪ್ಸೂಲನ್ನು ದೂರುವ ಮುನ್ನ ಹೆಪಟೈಟಿಸ್ ಎ ಮತ್ತು ಇ, ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬೀಳುವ ಸ್ವಯಂನಿರೋಧಕ ಹೆಪಟೈಟಿಸ್, ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇವುಗಳನ್ನು ಪರೀಕ್ಷಿಸಿ ಪಕ್ಕಕ್ಕಿಡಲೇಬೇಕು.

ಈಗ ನೀವು ಕೇಳದೆ ಇದ್ದರೂ ಹೇಳಲೇಬೇಕಾದ ಮಾತು. 1,400 ಎಂಬ ಅಂಕಿಯ ಮೇಲೆ ಕಣ್ಣು ನೆಟ್ಟಿದ್ದೀರಿ, ಅದು ನನ್ನನ್ನು ಅಷ್ಟು ಹೆದರಿಸುವುದಿಲ್ಲ. ಔಷಧದಿಂದ ಕಿಣ್ವ ಏರಿ, ಜೊತೆಗೆ ಕಾಮಾಲೆಯೂ ಸೇರಿಕೊಂಡರೆ ಸುಮಾರು 10ರಲ್ಲಿ ಒಬ್ಬರಿಗೆ ಪ್ರಾಣಾಪಾಯ ಅಥವಾ ಕಸಿಯ ಅಗತ್ಯ ಬರಬಹುದೆಂದು ಹೈಮನ್ ಝಿಮ್ಮರ್‌ಮನ್ ಎಂಬ ಅಮೆರಿಕದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಆ ಒಬ್ಬರು ಯಾರೆಂದು ತಿಳಿಸುವುದು ಎಸ್‌ಜಿಪಿಟಿ ಅಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಅಳೆಯುವ ಐಎನ್‌ಆರ್ ಮತ್ತು ರೋಗಿಯ ಎಚ್ಚರದ ಸ್ಥಿತಿ ಅದನ್ನು ತಿಳಿಸುತ್ತವೆ. ಐಎನ್‌ಆರ್ 1.5 ದಾಟಿ, ಜೊತೆಗೆ ಮನಸ್ಸು ಮಂಕಾದರೆ ಅದನ್ನು ತೀವ್ರ ಯಕೃತ್ ವೈಫಲ್ಯ ಎನ್ನುತ್ತೇವೆ. ಎಸ್‌ಜಿಪಿಟಿ 1,400ರಿಂದ 300ಕ್ಕೆ ಇಳಿದು, ಅದೇ ವೇಳೆ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ ಅದು ಸುಧಾರಣೆಯಲ್ಲ. ಸೋರಲು ಜೀವಕೋಶಗಳೇ ಉಳಿದಿಲ್ಲ ಎಂದರ್ಥ. ಎಷ್ಟೋ ಮನೆಗಳವರು ಇದನ್ನೇ ಒಳ್ಳೆಯ ಸುದ್ದಿ ಎಂದುಕೊಂಡು ರೋಗಿಯನ್ನು ಮನೆಗೆ ಕರೆದೊಯ್ಯುತ್ತಾರೆ.

ಮಂಕು ಮೊದಲಿಗೆ ಬಹಳ ಸಣ್ಣದಾಗಿ ಶುರುವಾಗುತ್ತದೆ. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುವುದು, ಸಣ್ಣ ಮಾತಿಗೆ ಸಿಡುಕುವುದು, ಗೊತ್ತಿರುವ ಹೆಸರಿಗೆ ತಡಕಾಡುವುದು. ದಿನವೂ ಬೆಳಿಗ್ಗೆ ಒಂದು ಹಾಳೆಯಲ್ಲಿ ತಾರೀಕು ಹಾಕಿಸಿ ಅವಳಿಂದ ಸಹಿ ಮಾಡಿಸಿ, ಕೆಳಗೆ ಐದು ಮೂಲೆಯ ನಕ್ಷತ್ರವೊಂದನ್ನು ಬರೆಸಿ. ವಾರ್ಡಿನಲ್ಲಿ ನಾವೂ ಇದನ್ನೇ ಮಾಡುತ್ತೇವೆ. ನಿನ್ನೆ ಮೂಲೆ ಕೂಡಿದ್ದ ನಕ್ಷತ್ರ ಇಂದು ಕೂಡದಿದ್ದರೆ, ಸಹಿ ಅಡ್ಡಾದಿಡ್ಡಿಯಾದರೆ, ಮುಂದೆ ಚಾಚಿದ ಅಂಗೈಗಳು ತಟಪಟ ಬಡಿದಂತೆ ಅದುರಿದರೆ, ಸಂಜೆಯವರೆಗೆ ಕಾಯದೆ ಯಕೃತ್ ಕಸಿ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಿ. ನಿದ್ರೆ ಬರಲೆಂದು ಮಾತ್ರೆ ಕೊಡಬೇಡಿ.

ಪ್ರಶ್ನೆ: ಮಗನಿಗೆ 22. ಮೈಕಟ್ಟಿಗಾಗಿ ಏನೋ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಬಿಲಿರುಬಿನ್ 24 ಆಗಿದೆ, ಕಿಣ್ವಗಳು ಮಾತ್ರ ಹೆಚ್ಚೇನೂ ಏರಿಲ್ಲ. ತುರಿಕೆಯಿಂದ ರಾತ್ರಿಯಿಡೀ ಕೆರೆದುಕೊಳ್ಳುತ್ತಾನೆ. ಒಂದು ತಿಂಗಳಾದರೂ ಹಳದಿ ಇಳಿದಿಲ್ಲ.

ಉತ್ತರ: ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್‌ಗಳು, ಮುಖ್ಯವಾಗಿ ನುಂಗುವ ಬಗೆಯವು, ಸರಿಯಾಗಿ ಈ ಚಿತ್ರವನ್ನೇ ಕೊಡುತ್ತವೆ. ಜೀವಕೋಶ ಹೆಚ್ಚು ಸಾಯುವುದಿಲ್ಲ, ಪಿತ್ತರಸ ಹರಿಯುವುದು ನಿಲ್ಲುತ್ತದೆ. ನಿಲ್ಲಿಸಿದ ಮೇಲೂ ಹಳದಿ ಇಳಿಯಲು ಎರಡು ಮೂರು ತಿಂಗಳು ಹಿಡಿಯುವುದುಂಟು, ಹೆಚ್ಚಿನವರು ಪೂರ್ಣ ಗುಣವಾಗುತ್ತಾರೆ. ತುರಿಕೆಗೆ ಔಷಧಗಳಿವೆ, ಸಹಿಸಿಕೊಂಡು ಕೂರಬೇಕಿಲ್ಲ. ಬಿಲಿರುಬಿನ್ ಇಷ್ಟು ಏರಿದಾಗ ಮೂತ್ರಪಿಂಡಕ್ಕೂ ಪೆಟ್ಟಾಗಬಹುದು, ಕ್ರಿಯಾಟಿನಿನ್ ಪರೀಕ್ಷೆ ಆಗಾಗ ಆಗಲಿ. ಮಗನೊಂದಿಗೆ ಅವನ ತಂದೆ ಇಲ್ಲದ ಹೊತ್ತಿನಲ್ಲಿ ನೀವೊಬ್ಬರೇ ಕುಳಿತು, ಬೈಯದೆ, ಏನು ತೆಗೆದುಕೊಂಡೆ ಎಂದು ಕೇಳಿ. ಚುಚ್ಚುಮದ್ದನ್ನೂ ತೆಗೆದುಕೊಂಡಿದ್ದರೆ, ಸೂಜಿ ಹಂಚಿಕೊಂಡಿದ್ದರೆ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಬೇಕು.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಐದು ದಿನ ಜ್ವರ ಬಂದಂತಾಯಿತು, ಆಮೇಲೆ ಕಾಮಾಲೆ, ರಕ್ತಹೀನತೆ, ಪ್ರಜ್ಞೆ ತಪ್ಪಿತು. ವಿಲ್ಸನ್ ಕಾಯಿಲೆ ಎಂದು ಹೇಳಿ ಯಕೃತ್ ಕಸಿ ಮಾಡಿದರು. ಅವಳ ತಂದೆಯೇ ತಮ್ಮ ಲಿವರ್‌ನ ಭಾಗ ಕೊಟ್ಟರು. ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ನನ್ನ ಭಯ ಎರಡು. ಇದು ತಂದೆ ತಾಯಿಯಿಂದ ಬರುವ ಕಾಯಿಲೆಯಾದರೆ ತಂದೆ ಕೊಟ್ಟ ಲಿವರ್‌ನಲ್ಲೂ ದೋಷವಿರುವುದಿಲ್ಲವೇ? ಚಿಕ್ಕವನಿಗೆ 12, ಚೆನ್ನಾಗಿ ಓಡಾಡಿಕೊಂಡಿದ್ದಾನೆ. ಅವನಿಗೂ ಪರೀಕ್ಷೆ ಮಾಡಿಸಬೇಕೇ? ಇಷ್ಟೆಲ್ಲ ನೋಡಿದ ಮೇಲೆ ಇನ್ನೊಂದು ಸುದ್ದಿ ಕೇಳುವ ಶಕ್ತಿ ನನಗಿಲ್ಲ.

ಉತ್ತರ: ಅಮ್ಮಾ, ಮಗನಿಗೆ ಪರೀಕ್ಷೆ ಮಾಡಿಸಿ. ಈ ವಾರವೇ ಮಾಡಿಸಿ. ನಿಮಗೆ ಶಕ್ತಿ ಇಲ್ಲದಿದ್ದರೆ ಅವನ ಚಿಕ್ಕಮ್ಮನೋ ಮಾವನೋ ಕರೆದುಕೊಂಡು ಹೋಗಲಿ. ಮಗಳಿಗೆ ಆದದ್ದು ಮಗನಿಗೆ ಆಗದಂತೆ ತಡೆಯಬಹುದಾದ ಕಾಯಿಲೆ ಇದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾವು ತಿನ್ನುವ ಆಹಾರದಲ್ಲಿರುವ ತಾಮ್ರದಲ್ಲಿ ಹೆಚ್ಚಾದದ್ದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಕೆಲಸಕ್ಕೆ ಎಟಿಪಿ7ಬಿ ಎಂಬ ವಂಶವಾಹಿ ಬೇಕು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಗಳು ಬರುತ್ತವೆ. ಎರಡೂ ಕೆಟ್ಟಿದ್ದರೆ ತಾಮ್ರ ಯಕೃತ್ತಿನಲ್ಲಿ, ಮುಂದೆ ಮಿದುಳಿನಲ್ಲಿ, ವರ್ಷಗಟ್ಟಲೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ನರರೋಗ ವೈದ್ಯ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿದರು, ವಂಶವಾಹಿ ಪತ್ತೆಯಾದದ್ದು 1993ರಲ್ಲಿ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಎಂಬುದು ಸಾಮಾನ್ಯ ಅಂದಾಜು. ಆದರೆ ಒಡಹುಟ್ಟಿದವರ ಮಟ್ಟಿಗೆ ಆ ಲೆಕ್ಕ ನಡೆಯುವುದಿಲ್ಲ. ಅಕ್ಕನಿಗೆ ಇದ್ದರೆ ತಮ್ಮನಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ.

ನಿಮ್ಮ ಮೊದಲ ಭಯಕ್ಕೆ ಸಮಾಧಾನ ಇಲ್ಲೇ ಇದೆ. ತಂದೆಯಲ್ಲಿ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಸರಿಯಾಗಿದೆ. ಸರಿಯಾದ ಒಂದು ಪ್ರತಿ ತಾಮ್ರವನ್ನು ಹೊರಹಾಕಲು ಸಾಕು. ಹೀಗೆ ತಂದೆ ತಾಯಂದಿರ ಯಕೃತ್ತನ್ನು ಪಡೆದ ಮಕ್ಕಳು ಚೆನ್ನಾಗಿ ಬಾಳುತ್ತಿದ್ದಾರೆ. ಕಸಿಯಾದ ಯಕೃತ್ತೇ ತಾಮ್ರದ ಕೆಲಸವನ್ನು ಮಾಡುವುದರಿಂದ ಮಗಳಿಗೆ ಇನ್ನು ವಿಲ್ಸನ್ ಕಾಯಿಲೆಯ ಔಷಧ ಬೇಕಾಗುವುದಿಲ್ಲ. ಕಸಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಮಾತ್ರೆಗಳನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬಾರದು.

ಮಗನಿಗೆ ಮಾಡಿಸಬೇಕಾದವು: ಯಕೃತ್ತಿನ ಪರೀಕ್ಷೆ, ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ. ಮಗಳ ವಂಶವಾಹಿ ದೋಷ ಯಾವುದೆಂದು ಗೊತ್ತಾಗಿದ್ದರೆ ಮಗನಲ್ಲಿ ಅದೇ ಇದೆಯೇ ಎಂದು ನೋಡಿದರೆ ಸಾಕು, ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ. ಮೂತ್ರ ಸಂಗ್ರಹಿಸುವುದರಲ್ಲಿ ಬಹಳ ಜನ ಎಡವುತ್ತಾರೆ. ಬೆಳಿಗ್ಗೆ ಎದ್ದೊಡನೆ ಹೋಗುವ ಮೊದಲ ಮೂತ್ರವನ್ನು ಚೆಲ್ಲಿ ಆ ಹೊತ್ತನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ, ಮರುದಿನದ ಮೊದಲ ಮೂತ್ರವೂ ಸೇರಿ, ಪ್ರತಿ ಹನಿಯೂ ಪ್ರಯೋಗಾಲಯ ಕೊಟ್ಟ ಕ್ಯಾನಿಗೇ ಬೀಳಬೇಕು. ಮನೆಯ ಲೋಹದ ಪಾತ್ರೆ ಬಳಸಿದರೆ ಅಂಕಿ ಸುಳ್ಳಾಗುತ್ತದೆ. ಶಾಲೆಯ ರಜಾದಿನ ನೋಡಿಕೊಂಡು ಮಾಡಿಸಿ, ಮಕ್ಕಳು ಶಾಲೆಯಲ್ಲಿ ಒಮ್ಮೆ ಹೋಗಿಬಂದು ಹೇಳುವುದೇ ಇಲ್ಲ.

ಸ್ಲಿಟ್ ಲ್ಯಾಂಪಿನಲ್ಲಿ ವೈದ್ಯರು ಹುಡುಕುವುದು ಕಪ್ಪುಗುಡ್ಡೆಯ ಅಂಚಿನಲ್ಲಿ ಕಾಣುವ ಕಂದುಬಂಗಾರದ ಬಣ್ಣದ ಉಂಗುರವನ್ನು. ಮೊದಲಿಗೆ ಅದು ಮೇಲ್ಭಾಗದಲ್ಲಿ ಕಮಾನಿನಂತೆ ಮೂಡುತ್ತದೆ, ರೆಪ್ಪೆ ಎತ್ತಿ ನೋಡದಿದ್ದರೆ ತಪ್ಪಿಹೋಗುತ್ತದೆ. ಕೈಸರ್ ಮತ್ತು ಫ್ಲೈಷರ್ ಎಂಬ ಜರ್ಮನ್ ಕಣ್ಣಿನ ವೈದ್ಯರು 1902 ಮತ್ತು 1903ರಲ್ಲಿ ಇದನ್ನು ಗುರುತಿಸಿದ್ದರು. ಮಗನ ಕಣ್ಣಿನಲ್ಲಿ ಉಂಗುರ ಕಾಣದಿದ್ದರೆ ಕಾಯಿಲೆ ಇಲ್ಲವೆಂದುಕೊಳ್ಳಬೇಡಿ. ಯಕೃತ್ತಿನ ಹಂತದಲ್ಲಿರುವ ಅನೇಕರಲ್ಲಿ, ಮಕ್ಕಳಲ್ಲಂತೂ ಹೆಚ್ಚಾಗಿ, ಅದು ಇನ್ನೂ ಮೂಡಿರುವುದಿಲ್ಲ.

ಇದೆ ಎಂದು ಗೊತ್ತಾದರೂ ಧೈರ್ಯಗೆಡಬೇಡಿ. ಲಕ್ಷಣ ಕಾಣಿಸುವ ಮೊದಲೇ ಶುರುಮಾಡಿದರೆ ಸತುವಿನ ಮಾತ್ರೆ, ಅಥವಾ ತಾಮ್ರವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಪೆನಿಸಿಲಮಿನ್, ಟ್ರಯೆಂಟಿನ್‌ನಂಥ ಔಷಧಗಳಿಂದ ಅವನು ಎಲ್ಲರಂತೆ ಓದಿ, ದುಡಿದು, ಸಂಸಾರ ಮಾಡಿಕೊಂಡು ಇರಬಲ್ಲ. ಪೆನಿಸಿಲಮಿನ್ ಈ ಕಾಯಿಲೆಗೆ ಆಗುತ್ತದೆಂದು ಜಾನ್ ವಾಲ್ಶ್ 1956ರಲ್ಲಿ ತೋರಿಸಿಕೊಡುವವರೆಗೆ ನುಂಗಲು ಒಂದು ಮಾತ್ರೆಯೂ ಇರಲಿಲ್ಲ. ಔಷಧ ಜೀವನಪರ್ಯಂತ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ "ಚೆನ್ನಾಗಿದ್ದೇನಲ್ಲ" ಎಂದು ನಿಲ್ಲಿಸಿ ಯಕೃತ್ ವೈಫಲ್ಯದೊಂದಿಗೆ ಬಂದವರನ್ನು ನಾನು ನೋಡಿದ್ದೇನೆ, ಆ ವಯಸ್ಸು ಬಂದಾಗ ಅವನ ಮೇಲೆ ಕಣ್ಣಿರಲಿ.

ಬೇರೆ ಓದುಗರಿಗೂ, ವೈದ್ಯ ಮಿತ್ರರಿಗೂ ಇಲ್ಲೇ ಒಂದು ಮಾತು. ಹರೆಯದವರಲ್ಲಿ ಕಾಮಾಲೆಯ ಜೊತೆಗೆ ಹಿಮೋಗ್ಲೋಬಿನ್ ದಿಢೀರನೆ ಕುಸಿದರೆ, ಬಿಲಿರುಬಿನ್ ವಿಪರೀತ ಏರಿದ್ದರೂ ಕಿಣ್ವಗಳು ಕೆಲವು ನೂರರಲ್ಲೇ ಇದ್ದರೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಸಹಜಕ್ಕಿಂತ ಕೆಳಗಿದ್ದರೆ, ವೈರಸ್ ಎಂದು ಸುಮ್ಮನಾಗದೆ ವಿಲ್ಸನ್ ಕಾಯಿಲೆಯನ್ನು ನೆನೆಯಿರಿ. ಈ ಮೂರೂ ಸಾಮಾನ್ಯ ಪರೀಕ್ಷೆಯ ಹಾಳೆಯಲ್ಲೇ ಇರುತ್ತವೆ.

ಪ್ರಶ್ನೆ: ಹಲ್ಲುನೋವಿಗೆ ನಾಲ್ಕು ದಿನ ಪ್ಯಾರಾಸಿಟಮಾಲ್ ತೆಗೆದುಕೊಂಡು ನನ್ನ ತಮ್ಮ ಆಸ್ಪತ್ರೆ ಸೇರಬೇಕಾಯಿತು. ಈಗ ಗುಣವಾಗಿದ್ದಾನೆ. ಮಕ್ಕಳಿಗೂ ಕೊಡುವ ಮಾತ್ರೆ ಇಷ್ಟು ಅಪಾಯಕಾರಿಯೇ?

ಉತ್ತರ: ಅಳತೆಯೊಳಗೆ ಅದು ಒಳ್ಳೆಯ ಔಷಧ, ನಾನೂ ಬರೆದುಕೊಡುತ್ತೇನೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಗರಿಷ್ಠ ಮಿತಿ. 650 ಮಿಲಿಗ್ರಾಂ ಮಾತ್ರೆಯಾದರೆ ಆರು. ನೋವು ತಾಳಲಾರದೆ ಎರಡು ಮೂರು ಗಂಟೆಗೊಮ್ಮೆ ನುಂಗಿ, ಜೊತೆಗೆ ಶೀತದ ಮಾತ್ರೆಯನ್ನೂ ಸೇರಿಸಿದರೆ (ಅದರೊಳಗೂ ಪ್ಯಾರಾಸಿಟಮಾಲ್ ಇರುತ್ತದೆ) ಮಿತಿ ಗೊತ್ತಿಲ್ಲದೆ ದಾಟುತ್ತದೆ. ಹಲ್ಲುನೋವಿನವರು ಊಟವನ್ನೂ ಬಿಟ್ಟಿರುತ್ತಾರೆ. ಪ್ಯಾರಾಸಿಟಮಾಲ್ ಕರಗುವಾಗ ಹುಟ್ಟುವ ವಿಷವನ್ನು ತಣಿಸುವ ಗ್ಲುಟಾಥಯೋನ್ ಎಂಬ ವಸ್ತು ಉಪವಾಸದಲ್ಲಿ ಕಡಿಮೆಯಾಗುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಅದನ್ನೇ ಮತ್ತೆ ತುಂಬಿಸುತ್ತದೆ. ಒಮ್ಮೆಗೇ ಹೆಚ್ಚು ನುಂಗಿದವರಿಗೆ 8 ಗಂಟೆಯೊಳಗೆ ಕೊಟ್ಟರೆ ಯಕೃತ್ತು ಬಹುತೇಕ ಉಳಿಯುತ್ತದೆ, ತಡವಾದರೂ ಕೊಡುವುದರಿಂದ ಉಪಯೋಗವಿದೆ.

ಮೊದಲ ದಿನ ಏನೂ ಆಗಿಲ್ಲವೆಂಬಂತೆ ಕಾಣುವುದೇ ಇದರ ಮೋಸ, ಹಾನಿ ತುದಿ ಮುಟ್ಟುವುದು ಮೂರನೆಯ ನಾಲ್ಕನೆಯ ದಿನ. ಮನೆಯಲ್ಲಿ ಯಾರಾದರೂ, ಯಾವ ಕಾರಣಕ್ಕೇ ಆಗಲಿ, ಮನಸ್ಸು ಕೆಟ್ಟು ನುಂಗಿದ್ದರೂ ಸರಿ, ಹೆಚ್ಚು ಮಾತ್ರೆ ತೆಗೆದುಕೊಂಡಿದ್ದಾರೆಂದು ತಿಳಿದ ಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬೈಗುಳ, ವಿಚಾರಣೆ ಬೇಡ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳಿ, ಅವರ ಮನಸ್ಸಿನ ಚಿಕಿತ್ಸೆಗೂ ಅಲ್ಲೇ ಏರ್ಪಾಡು ಮಾಡಿಸಿ.

ಪ್ರಶ್ನೆ: ಕಾಡಿನ ಅಣಬೆಯನ್ನು ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆಯೇ? ಸ್ನೇಹಿತರು ಹಾಗೆ ಹೇಳುತ್ತಾರೆ.

ಉತ್ತರ: ಹೋಗುವುದಿಲ್ಲ. ಅಮಾನಿಟಾ ಫಲಾಯ್ಡಿಸ್ ಜಾತಿಯ ಅಣಬೆಯ ವಿಷ ಬೇಯಿಸಿದರೂ, ಒಣಗಿಸಿದರೂ ಉಳಿಯುತ್ತದೆ. ತಿಂದು ಆರು ಗಂಟೆಗಳಿಗೂ ಹೆಚ್ಚು ಕಾಲ ಸುಮ್ಮನಿದ್ದು, ಆಮೇಲೆ ವಾಂತಿಭೇದಿ ತರುತ್ತದೆ. ಅದು ನಿಂತು ಒಂದು ದಿನ ಹಾಯೆನಿಸುತ್ತದೆ, ಅಷ್ಟರಲ್ಲಿ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ತಿಂದ ತಕ್ಷಣ ವಾಂತಿಯಾಗುವುದಕ್ಕಿಂತ ತಡವಾಗಿ ಆಗುವುದೇ ಹೆಚ್ಚು ಭಯದ ಸೂಚನೆ. ಗುರುತು ಖಚಿತವಿಲ್ಲದ ಅಣಬೆಯನ್ನು ಮುಟ್ಟಬೇಡಿ. ತಿಂದಾಗಿದ್ದರೆ ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೊದಲ ಹೆರಿಗೆಯ ಹೊತ್ತಿಗೆ, ಎಂಟೂವರೆ ತಿಂಗಳಿನಲ್ಲಿ, ನನಗೆ ವಾಂತಿ, ವಿಪರೀತ ಬಾಯಾರಿಕೆ, ಕಾಮಾಲೆ ಬಂದು ತುರ್ತಾಗಿ ಹೆರಿಗೆ ಮಾಡಿಸಿದರು. ಗರ್ಭಿಣಿಯರ ಕೊಬ್ಬಿನ ಲಿವರ್ ಎಂದರು. ನಾನು ದಪ್ಪವಿಲ್ಲ. ಮತ್ತೆ ಗರ್ಭಿಣಿಯಾಗಬಹುದೇ?

ಉತ್ತರ: ಇದು ದಪ್ಪವಿರುವವರಲ್ಲಿ ನಿಧಾನವಾಗಿ ಸೇರುವ ಕೊಬ್ಬಲ್ಲ. ಕೊನೆಯ ಮೂರು ತಿಂಗಳಲ್ಲಿ ಹಠಾತ್ತನೆ ಬರುವ, ಅಪರೂಪದ, ಬೇರೆಯೇ ಕಾಯಿಲೆ. ಹೆರಿಗೆಯೇ ಇದರ ಚಿಕಿತ್ಸೆ, ನಿಮ್ಮ ವೈದ್ಯರು ಸರಿಯಾದದ್ದನ್ನೇ ಮಾಡಿದ್ದಾರೆ. ಕೆಲವು ಕುಟುಂಬಗಳಲ್ಲಿ ಇದರ ಬೇರು ಮಗುವಿನಲ್ಲಿರುತ್ತದೆ: ಕೊಬ್ಬನ್ನು ಕರಗಿಸುವ ಎಲ್‌ಸಿಎಚ್‌ಎಡಿ ಎಂಬ ಕಿಣ್ವದ ಕೊರತೆ. ಹಾಗಾಗಿ ಮುಂದಿನ ಗರ್ಭದ ಯೋಚನೆಗೂ ಮುಂಚೆ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಈ ಕೊರತೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಇದ್ದರೆ ಹೆಚ್ಚು ಹೊತ್ತು ಹಸಿದಿರುವುದೇ ಆ ಮಗುವಿಗೆ ಅಪಾಯ. ಮತ್ತೆ ಗರ್ಭಿಣಿಯಾಗಬಹುದು, ಆದರೆ ಮರುಕಳಿಸುವ ಸಾಧ್ಯತೆ ಇರುವುದರಿಂದ ದೊಡ್ಡ ಆಸ್ಪತ್ರೆಯ ನಿಗಾದಲ್ಲಿರಿ.

ಇದೇ ಹೊತ್ತಿನಲ್ಲಿ ಬರುವ ಇನ್ನೆರಡನ್ನು ಹೆಸರಿಸಿ ಬಿಡುತ್ತೇನೆ. ಗರ್ಭಿಣಿಯರಲ್ಲಿ ಹೆಪಟೈಟಿಸ್ ಇ ಬಹಳ ಉಗ್ರವಾಗಬಹುದು. ಜ್ವರವಿದ್ದು, ಕಿಣ್ವಗಳು ಸಾವಿರಗಳಲ್ಲಿದ್ದು, ಕಣ್ಣು ಮಾತ್ರ ಹಳದಿಯಾಗದಿದ್ದರೆ ಹರ್ಪಿಸ್ ವೈರಸ್ಸನ್ನು ನೆನೆಯಬೇಕು. ಮೈಮೇಲೆ ಗುಳ್ಳೆ ಇಲ್ಲದಿದ್ದರೂ ಅದು ಯಕೃತ್ತಿನಲ್ಲಿರಬಹುದು, ಅಸೈಕ್ಲೋವಿರ್ ಅನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಶುರುಮಾಡುತ್ತಾರೆ.

ಪ್ರಶ್ನೆ: ನನ್ನ ಹೆಂಡತಿಗೆ 29. ಕಾಮಾಲೆಯಾಗಿ, ಬಯಾಪ್ಸಿ ಮಾಡಿ, ಸ್ವಯಂನಿರೋಧಕ ಹೆಪಟೈಟಿಸ್ ಎಂದು ಸ್ಟೀರಾಯ್ಡ್ ಶುರುಮಾಡಿದ್ದಾರೆ. ಈಗ ಸುಧಾರಿಸಿದೆ. ಮೊಡವೆಗೆ ಒಂದು ವರ್ಷ ಮಿನೋಸೈಕ್ಲಿನ್ ಮಾತ್ರೆ ತೆಗೆದುಕೊಂಡಿದ್ದಳು. ಚರ್ಮದ ಔಷಧವಲ್ಲವೇ ಎಂದು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೆ ಪ್ರಯೋಜನವಿದೆಯೇ?

ಉತ್ತರ: ಬಹಳ ಇದೆ. ಮಿನೋಸೈಕ್ಲಿನ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಂಡ ಮೇಲೆ ದೇಹದ ರೋಗನಿರೋಧಕ ಶಕ್ತಿಯನ್ನು ಯಕೃತ್ತಿನ ವಿರುದ್ಧವೇ ಎತ್ತಿಕಟ್ಟಬಲ್ಲದು. ಆಗ ದೇಹದ ವಿರುದ್ಧವೇ ಏಳುವ ಪ್ರತಿಕಾಯಗಳನ್ನು ಹುಡುಕುವ ರಕ್ತದ ಎಎನ್‌ಎ ಪರೀಕ್ಷೆಯಲ್ಲೂ, ಬಯಾಪ್ಸಿಯ ಗಾಜಿನ ಮೇಲೂ ಅದು ತಾನಾಗಿ ಬಂದ ಸ್ವಯಂನಿರೋಧಕ ಹೆಪಟೈಟಿಸ್‌ನಂತೆಯೇ ಕಾಣುತ್ತದೆ, ನುರಿತ ಕಣ್ಣಿಗೂ ಬೇರ್ಪಡಿಸುವುದು ಕಷ್ಟ. ವ್ಯತ್ಯಾಸ ತಿಳಿಯುವುದು ಮುಂದಕ್ಕೆ. ತಾನಾಗಿ ಬಂದ ಕಾಯಿಲೆಯಲ್ಲಿ ಸ್ಟೀರಾಯ್ಡ್ (ಇದು ಮೈಕಟ್ಟಿನ ಸ್ಟೀರಾಯ್ಡ್ ಅಲ್ಲ, ರೋಗನಿರೋಧಕ ಶಕ್ತಿಯನ್ನು ತಣಿಸುವ ಬೇರೆ ಬಗೆ) ನಿಲ್ಲಿಸಿದರೆ ಹೆಚ್ಚಿನವರಿಗೆ ಮರುಕಳಿಸುತ್ತದೆ, ಅಝಥಯೋಪ್ರಿನ್‌ನಂಥ ಔಷಧವನ್ನು ವರ್ಷಗಟ್ಟಲೆ ಮುಂದುವರಿಸಬೇಕಾಗುತ್ತದೆ. ಮಾತ್ರೆ ತಂದದ್ದಾದರೆ, ಮಾತ್ರೆ ನಿಂತು ಯಕೃತ್ತು ಶಾಂತವಾದ ಮೇಲೆ ಸ್ಟೀರಾಯ್ಡನ್ನು ಮೆಲ್ಲಗೆ ಇಳಿಸಿ ಪೂರ್ತಿ ನಿಲ್ಲಿಸಬಹುದು, ಸಾಮಾನ್ಯವಾಗಿ ಮರಳುವುದಿಲ್ಲ. 29ರ ಹೆಣ್ಣುಮಗಳಿಗೆ ಜೀವನವಿಡೀ ಔಷಧ ಬೇಕೇ ಬೇಡವೇ ಎಂಬುದು ಈ ಒಂದು ಮಾಹಿತಿಯ ಮೇಲೆ ನಿಂತಿರಬಹುದು.

ನೀವಾಗಿ ಸ್ಟೀರಾಯ್ಡ್ ಕಡಿಮೆ ಮಾಡಬೇಡಿ, ಅದು ವೈದ್ಯರ ಕೈಯಲ್ಲಿ, ಪ್ರತಿ ಹಂತದಲ್ಲೂ ರಕ್ತ ಪರೀಕ್ಷೆಯೊಂದಿಗೆ ನಡೆಯಬೇಕಾದ ಕೆಲಸ. ಚರ್ಮದ ವೈದ್ಯರ ಹಳೆಯ ಚೀಟಿ ಹುಡುಕಿ. ಸಿಗದಿದ್ದರೆ ಔಷಧ ಅಂಗಡಿಯ ಬಿಲ್ಲಾದರೂ ಸರಿ. ಮಾತ್ರೆ ಶುರುವಾದ ತಿಂಗಳು, ನಿಂತ ತಿಂಗಳು, ದಿನಕ್ಕೆ ಎಷ್ಟು ಎಂಬುದನ್ನು ಅವಳ ಫೈಲಿನ ಮೊದಲ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಕೆಳಗೆ 'ಮಿನೋಸೈಕ್ಲಿನ್ ಮತ್ತೆ ಕೊಡಬಾರದು' ಎಂದು ಸೇರಿಸಿ, ಮುಂದಿನ ಭೇಟಿಯವರೆಗೆ ಕಾಯದೆ ನಾಳೆಯೇ ತೋರಿಸಿ.